ನಾಲ್ಕನೇ ಕಾಲಂ

ಹೆಬ್ರಿಯಿಂದ ಮೇಲೆ, ಡಾಮರು ಮುಗಿಯುವಲ್ಲಿ
ಒಂದು ಬಿದಿರಿನ ಅಡ್ಡಗಂಬ, ಒಂದು ತಗಡಿನ ಗೂಡು,
ಗೂಡಿನೊಳಗೆ ನಾನು. ದಿನಗೂಲಿ.
ಕಾಯ್ದೆ ಓದಿದವಳಲ್ಲ, ಅದರ ಹಗ್ಗ ಎಳೆಯುವವಳು.

ಹಲಗೆಯಲ್ಲಿ ಬರೆದದ್ದು ಇಷ್ಟು:
ದಿನಕ್ಕೆ ಅರವತ್ತು ಜನ.
ನಾಲ್ಕು ಗಂಟೆಯ ಮೇಲೆ ಜಲಪಾತದ ಬುಡದಲ್ಲಿ ಯಾರೂ ಇರತಕ್ಕದ್ದಲ್ಲ.
ಸಾಬೂನು ಇಲ್ಲ, ಸ್ಪೀಕರ್ ಇಲ್ಲ,
ಬಾಟಲಿಗೆ ಐವತ್ತು ರೂಪಾಯಿ, ವಾಪಸು ತಂದರೆ ವಾಪಸು.
ಅಡಿಯಲ್ಲಿ ಕಲಮಿನ ನಂಬರು. ಅದರ ಮೇಲೆ
ಒಂದು ಬಸವನಹುಳ, ಉಪಕಲಮಿನಿಂದ ಉಪಕಲಮಿಗೆ.

ಬೈಯುತ್ತಾರೆ. ಬೈಯಲಿ.
ಮಣಿಪಾಲದ ಹುಡುಗರು ಯಾರಿಗೋ ಫೋನು ಹಚ್ಚಿ
"ಮಾತಾಡಿ ಮೇಡಂ" ಅಂತ ನನ್ನ ಕಿವಿಗೆ ಒಡ್ಡುತ್ತಾರೆ.
ನನಗೆ ಗೊತ್ತುಂಟು ಮಾರಾಯ್ರೆ, ಹಲಗೆ ಇಲ್ಲದ ಆ ವರ್ಷ
ಹೊಂಡದಿಂದ ನಾವು ಮೇಲೆತ್ತಿದ್ದು
ಹನ್ನೊಂದು ಗೋಣಿ. ಚಿಪ್ಸಿನ ತೊಟ್ಟೆ, ಮಕ್ಕಳ ಡೈಪರು,
ಬಲಗಾಲಿನ ಒಂದು ಬೂಟು, ಅದರೊಳಗೆ
ಕಪ್ಪೆ ಮೊಟ್ಟೆ ಇಟ್ಟಿತ್ತು.
ಅದನ್ನು ಮಾತ್ರ ಗೋಣಿಗೆ ಹಾಕಲಿಕ್ಕೆ ಕೈ ಬರಲಿಲ್ಲ.

ಇವತ್ತು ಹತ್ತೂವರೆಗೇ ಅರವತ್ತಾಯಿತು.
ಕಂಬ ಇಳಿಸಿ ಹಗ್ಗ ಸುತ್ತಿದ ಮೇಲೆ
ನೋಣಯ್ಯಜ್ಜ ಬಂದರು. ಹೆಗಲಲ್ಲಿ ಖಾಲಿ ಚೀಲ, ಸೊಂಟದಲ್ಲಿ ಕತ್ತಿ,
ಕೊರಳಲ್ಲಿ ಏನಿಲ್ಲ, ಗೈಡುಗಳಿಗೆ ಕೊಟ್ಟ ಚೀಟಿಯೂ.
"ರಾಂಪತ್ರೆ ಬಿದ್ದಿರಬಹುದು, ನೋಡಿ ಬರುತ್ತೇನೆ."

ಈ ದಾರಿ ಅವರ ಕಾಲಿನಿಂದ ಆದದ್ದು.
ಸರ್ವೆಯವರು ಬಂದಾಗ ಮುಂದೆ ನಡೆದದ್ದು ಅವರೇ.
ಹೆಜ್ಜೆ ನಕ್ಷೆಯಲ್ಲಿ ಚುಕ್ಕೆಗೆರೆಯಾಯಿತು,
ಗೆರೆಯ ಈಚೆ ಬಫರ್, ಆಚೆ ಕೋರ್,
ಅವರ ಒಲೆ ಸರಿಯಾಗಿ ಒಂದು ಚುಕ್ಕೆಯ ಮೇಲೆ.
ಹಕ್ಕಿನ ಅರ್ಜಿ ಏನಾಯ್ತು ಅಜ್ಜ?
"ಕುಂದಾಪುರದಲ್ಲಿ ಉಂಟಂತೆ. ಮೇಜಿನ ಮೇಲೆ."

ಪುಸ್ತಕ ತೆರೆದೆ. ಹೆಸರು ಬರೆದೆ. ಊರು, ಇದೇ.
ಬಾಟಲಿ ಸೊನ್ನೆ; ಎಲೆ ಮಡಚಿ ನೀರು ಕುಡಿಯುವವರು.
ನಾಲ್ಕನೇ ಕಾಲಂ: ಭೇಟಿಯ ಉದ್ದೇಶ.
ಅದರಲ್ಲಿ ಮೇಲಿಂದ ಕೆಳಗೆ ಅರವತ್ತು ಸಲ 'ವೀಕ್ಷಣೆ',
ಕೊನೆಕೊನೆಗೆ ಬರೀ 'ವೀ'.
ಪೆನ್ನು ನಿಂತಿತು.
ಅಜ್ಜ ಬಗ್ಗಿ ನೋಡಿದರು, ಅಕ್ಷರ ಬಾರದವರು:
"ನಾನು ಎಷ್ಟನೆಯವ?"

ನಿನ್ನೆಯ ಮಳೆಗೆ ಹಗ್ಗ ಊದಿ ಗಂಟು ಬಿಗಿದಿತ್ತು.
ಹಲ್ಲಿನಿಂದ ಬಿಚ್ಚಿದೆ.
"ನಾಲ್ಕರೊಳಗೆ ಬನ್ನಿ" ಅಂದದ್ದು ಬಾಯಿತಪ್ಪಿ;
ಅಷ್ಟರಲ್ಲಿ ಅವರು ತಿರುವಿನಾಚೆ.

ಬಾಯಲ್ಲಿ ಇನ್ನೂ ನಾರಿನ ರುಚಿ.
ಕಾಲಂ ಖಾಲಿ.
ಸಂಜೆ ಸಹಿ ಹಾಕಲಿಕ್ಕೆ ರೇಂಜರು ಬರುತ್ತಾರೆ.