ಹನ್ನೊಂದನೇ ಪ್ರಶ್ನೆ

ನಿನಗೆ ಉರ್ದು ಬರುತ್ತದಲ್ಲ, ಅಂದರು ಡಾಕ್ಟರ್ ವಾರಿಜಾ.
ಬರುತ್ತದೆ ಅಂದೆ.
ಬರುವುದು ಅಂದರೆ
ಅಮ್ಮ ಬೈಯುವಷ್ಟು, ನಾನು ಎದುರಾಡುವಷ್ಟು,
ನಕ್ಕೊ, ಹೌ, ಕೈಕುಗಳಲ್ಲಿ
ಒಂದು ಸಂತೆ ಮುಗಿಸಿಕೊಂಡು ಬರುವಷ್ಟು.
ಓದಲು ಕೊಟ್ಟರೆ ಬೆರಳಿಟ್ಟು ಓದುತ್ತೇನೆ,
ಚುಕ್ಕಿಯೊಂದು ಅಳಿಸಿದ್ದರೆ ಅಲ್ಲೇ ನಿಲ್ಲುತ್ತೇನೆ.
ಬರೆಯುವುದು ಕನ್ನಡ. ಮಗ್ಗಿ ಹೇಳುವುದೂ.

ದೊಡ್ಡಾಸ್ಪತ್ರೆಯ ಡಯಾಲಿಸಿಸ್ ವಾರ್ಡಿಗೆ
ಇಂಗ್ಲಿಷಿನಲ್ಲಿ ಬಂದ ಇಪ್ಪತ್ತೆಂಟು ಪ್ರಶ್ನೆ.
ಮೇಲೆ ದಪ್ಪಕ್ಷರದಲ್ಲಿ: ಜೀವನದ ಗುಣಮಟ್ಟ.
ಸಿಮೆಂಟಿಗೆ ಇರುತ್ತದಲ್ಲ, ಅಂಥದು.

ಟ್ಯಾಂಕ್ ಮೊಹಲ್ಲಾದ ಮುನವ್ವರ್ ಮಾಸ್ತರ ಮುಂದೆ ಹರಡಿದೆ.
ಹನ್ನೊಂದನೆಯದು:
ಬಾಯಾರಿಕೆ ನಿಮ್ಮನ್ನು ಎಷ್ಟು ಕಾಡುತ್ತದೆ?
ಮಾಸ್ತರು ಕನ್ನಡಕ ತೆಗೆದರು, ಒರೆಸಿದರು,
ಬಾಯಾರಿಕೆಯ ಜಾಗದಲ್ಲಿ
'ತಿಶ್ನಗಿ' ಎಂದು ಬರೆದು
ಎರಡು ಸಲ ಹೇಳಿ ನೋಡಿದರು.
ಹೀಗೆ ಬರೆದರೆ ಕಾಗದಕ್ಕೂ ಮರ್ಯಾದೆ, ಅಂದರು.

ನಿಯಮ ಏನೆಂದರೆ
ಮೂಲ ನೋಡದ ಇನ್ನೊಬ್ಬರು
ಅದನ್ನು ವಾಪಸ್ಸು ಇಂಗ್ಲಿಷಿಗೆ ತರಬೇಕು.
ಭದ್ರಾವತಿಯ ರೂಹಿ ಮೇಡಂ ತಂದರು.
ಹೋದದ್ದು ಬಾಯಾರಿಕೆ, ಬಂದದ್ದು ಹೀಗೆ:
ನಿಮ್ಮ ಹಂಬಲ ನಿಮ್ಮನ್ನು ಎಷ್ಟು ಸುಡುತ್ತದೆ?

ಆ ಸಾಲನ್ನು ನಾನು ಬಸ್ಸಿನಲ್ಲಿ
ಸೇತುವೆ ದಾಟಿ ಹೊಳೆ ಸ್ಟಾಪು ಬರುವ ತನಕ ಓದಿದೆ.
ಉತ್ತರಿಸಲು ಐದೇ ಚೌಕ.

ಡಾಕ್ಟರು ನಕ್ಕು ಕೆಂಪು ಶಾಯಿಯಲ್ಲಿ ಸುತ್ತಿದರು.
ತಿಶ್ನಗಿ ಹೋಯಿತು, ಪ್ಯಾಸ್ ಬಂತು.
ಮಾಸ್ತರು ಎರಡು ದಿನ ಫೋನು ಎತ್ತಲಿಲ್ಲ.

ನಾಲ್ಕನೇ ಮಂಚದ ಮೌಲಾಬಿ ಖಾಲಾ,
ಆಜಾದ್ ನಗರದಲ್ಲಿ ಲಂಗ ಹೊಲಿಯುತ್ತಿದ್ದವಳು,
ಎಡಗೈ ಮಶೀನಿಗೆ ಕೊಟ್ಟು ಬಲಗೈ ನನ್ನತ್ತ ಚಾಚಿದಳು: ಕೇಳು.
ಕಳೆದ ನಾಲ್ಕು ವಾರಗಳಲ್ಲಿ... ಅಂದೆ.
ಅಂದರೆ ಎಂಟು ಮಶೀನು, ಅಂದಳು.
ಒಂದು ಮೈಲಿ ನಡೆಯಬಲ್ಲಿರಾ?
ಯಾವ ಕಡೆಗೆ?
ಮನೆ ಕಡೆಗಾದರೆ ಹೌ, ಇಲ್ಲಿಗೆ ಬರೋದಕ್ಕೆ ನಕ್ಕೊ.
ಒಟ್ಟಾರೆ ಜೀವನ ಹೇಗಿದೆ?
ಅಲ್ಲಾಹ್ ಕಾ ಶುಕರ್.
ಖಾಲಾ, ಐದರಲ್ಲಿ ಒಂದು ಹೇಳಬೇಕು.
ಶುಕರಿಗೂ ನಂಬರು ಹಾಕ್ತಾರಾ, ಮಗಾ?

ಹನ್ನೊಂದಕ್ಕೆ ಬಂದಾಗ
ಕಿಟಕಿ ಕಡೆ ನೋಡಿದಳು. ಕಿಟಕಿಯಲ್ಲಿ ಬೈಕುಗಳ ಸಾಲು ಬಿಟ್ಟರೆ ಏನಿಲ್ಲ.
ದಿನಕ್ಕೆ ಮೂರು ಲೋಟ, ಮಾತ್ರೆ ನುಂಗಿದ್ದೂ ಅದರಲ್ಲೇ ಲೆಕ್ಕ.
ರಾತ್ರಿ ಸೊಸೆ ಪಾತ್ರೆ ತೊಳೆಯೋ ಸದ್ದಿಗೇ
ಗಂಟಲು ಎದ್ದು ಕೂರುತ್ತೆ.
ಈ ಊರವರು ಹೇಳ್ತಾರಲ್ಲ,
ಗಂಗಾ ಸ್ನಾನ, ತುಂಗಾ ಪಾನ ಅಂತ.
ನನಗೆ ತುಂಗೆಯೂ ಸ್ನಾನಕ್ಕೇ.
ಪೆನ್ನು ಕಸಿದುಕೊಂಡು
'ಯಾವಾಗಲೂ' ಎಂಬ ಚೌಕಕ್ಕೆ ಒತ್ತಿದಳು,
ಕಾಗದ ತೂತಾಯಿತು.

ಎರಡು ವಾರ ಬಿಟ್ಟು
ಅವೇ ಪ್ರಶ್ನೆ ಮತ್ತೆ ಕೇಳಬೇಕು, ಅದೂ ನಿಯಮ.
ಹೋದ ಸಲ ಬರೆದುಕೊಳ್ಳಲಿಲ್ಲವಾ?
ಬರೆದುಕೊಂಡೆ ಖಾಲಾ, ಅದನ್ನೇ ಹೇಳ್ತೀಯೋ ಅಂತ ನೋಡೋದು.
ಓ, ಪೊಲೀಸರ ಹಾಗೆ, ಅಂದಳು.
ಅದನ್ನೇ ಹೇಳಿದಳು.

ಉರ್ದು ಬಲದಿಂದ ಶುರು.
ಚೌಕಗಳೂ ಬಲದಿಂದಲೇ.
ಯಾರೂ ಹೇಳಿರಲಿಲ್ಲ,
ಎಂಟ್ರಿ ಮಾಡುವ ಚಿದಾನಂದ ಎಡದಿಂದ ಎಣಿಸಿದ,
ಅರವತ್ತೆರಡು ಮಂದಿಯನ್ನೂ.
ಸೋಮವಾರದಿಂದ ಶನಿವಾರದವರೆಗೆ
ಇಡೀ ವಾರ್ಡು ಕಂಪ್ಯೂಟರಿನಲ್ಲಿ ಸುಖವಾಗಿತ್ತು.
ಮೈ ತುರಿಕೆ ಇಲ್ಲ, ಕಾಲು ಬಾವು ಇಲ್ಲ,
ಸಾಲದ ಚಿಂತೆಗೆ ನಿದ್ದೆ ಕೆಟ್ಟವರಿಲ್ಲ,
ದಸ್ತಗೀರ್ ಸಾಬರು ಮೆಟ್ಟಿಲು ಹತ್ತಿ
ಮತ್ತೊಂದು ಮಹಡಿ ಕೇಳುವಂತಿದ್ದರು.
ಹೊಸದಾಗಿ ಸೇರಿದ್ದ, ಇನ್ನೂ ಗಟ್ಟಿಯಾಗಿದ್ದ ಹುಡುಗನೊಬ್ಬ ಮಾತ್ರ
ಪಾಪ, ನರಳುತ್ತಿದ್ದ.
ಮೌಲಾಬಿ ಖಾಲಾ, ಹನ್ನೊಂದನೇ ಪ್ರಶ್ನೆ:
ಬಾಯಾರಿಕೆ, ಎಂದೂ ಇಲ್ಲ.

ಸರಾಸರಿ ನೋಡಿ ಡಾಕ್ಟರು ಹೌಹಾರಿದರು.
ತಿದ್ದಿದೆವು, ಭಾನುವಾರವೂ ಕೂತು.
ಆಲ್ಫಾ ಸೊನ್ನೆ ಪಾಯಿಂಟ್ ಎಂಟು ಮೂರು.
ನಂಬಬಹುದಾದ ಅಳತೆ, ಅಂದರು,
ಬೆನ್ನು ತಟ್ಟಿದರು,
ಆ ತಪ್ಪು ಫೈಲು ಅಳಿಸಿಬಿಡು ಅಂದರು.
ಹೌ ಅಂದೆ.
ಅಳಿಸಿಲ್ಲ.