ತಟ್ಟಿ ನೋಡಿದ್ದು

ಟಮಕ ದಾಟಿ, ಹೈವೇ ಪಕ್ಕದ ತಗಡಿನ ಬೇಲಿಯೊಳಗೆ
ಇಪ್ಪತ್ತು ಗಾಡಿ ಮೂತಿ ಮುಂದೆ ಮಾಡಿ ನಿಂತಿದ್ದವು.
ಎಲ್ಲದರ ಟೈರಿಗೂ ಕಪ್ಪು ಪಾಲಿಶ್,
ಹೆಣ್ಣು ನೋಡೋಕೆ ಬರುವ ದಿನ
ನನಗೆ ಸ್ನೋ ಮೆತ್ತಿದ್ದರಲ್ಲ, ಹಾಗೆ.

ದಲ್ಲಾಳಿ ಪಿಳ್ಳಪ್ಪ ಮಾತಾಡಿದ್ದೆಲ್ಲ ನನ್ನ ತಮ್ಮನ ಹತ್ತಿರ.
"ಸಾರ್, ಒಂದೇ ಕೈ. ಡಾಕ್ಟರು ಇಟ್ಕೊಂಡಿದ್ದ ಗಾಡಿ."
ಒಂದೂವರೆ ಟನ್ ಹೊರುವ ಪಿಕಪ್ಪು
ಯಾವ ಡಾಕ್ಟರಿಗೆ ಬೇಕಿತ್ತೋ.
ತಮ್ಮ ಬಂದಿದ್ದು ಜೊತೆಗೆ, ಅಷ್ಟೇ.
ಅವನಿಗೆ ಸೈಕಲ್ಲೂ ನೆಟ್ಟಗೆ ಬರದು.
ಲೈಸೆನ್ಸ್ ಇದ್ದದ್ದು ನನ್ನ ಬ್ಯಾಗಿನಲ್ಲಿ,
ದುಡ್ಡೂ.

ಗೌರಿಪೇಟೆಯಲ್ಲಿ ನನ್ನದು ಪಾತ್ರೆ ಬಾಡಿಗೆ ಅಂಗಡಿ.
ಇನ್ನೂರು ಜನರ ಅನ್ನದ ಕೊಪ್ಪರಿಗೆ, ಸೌಟು, ಜಾಲರಿ,
ಕಾಲು ಅಲ್ಲಾಡುವ ನೂರೈವತ್ತು ಕುರ್ಚಿ.
ಹೋದ ತಿಂಗಳು ಅಂತರಗಂಗೆ ರಸ್ತೆಯ ಏರಿನಲ್ಲಿ
ಲಗೇಜ್ ಆಟೋ ಉಸಿರು ಬಿಟ್ಟಿತು.
ಅಲ್ಲಿ ಪಂಕ್ತಿಗೆ ಎಲೆ ಹಾಕಿ ಆಗಿತ್ತು,
ಇಲ್ಲಿ ಬಕೆಟ್ಟು ಸೌಟು ಇನ್ನೂ ಏರಿನಲ್ಲೇ.

ವಾಪಸು ಬಂದ ಪಾತ್ರೆಯನ್ನು ನಾನು ಕಣ್ಣಿಂದ ನೋಡುವುದಿಲ್ಲ,
ಬೆರಳ ಗೆಣ್ಣಿನಿಂದ ತಟ್ಟುತ್ತೇನೆ.
ಗಟ್ಟಿ ಇದ್ದರೆ ಖಣ್ ಅನ್ನುತ್ತೆ.
ಎಲ್ಲೋ ಕೂದಲೆಳೆ ಬಿರುಕಿದ್ದರೆ
ದನಿಗೆ ನೆಗಡಿ.

ಡಾಕ್ಟರ ಗಾಡಿಯನ್ನೂ ತಟ್ಟಿದೆ.
ಬಾಗಿಲು ಖಣ್. ಬಾನೆಟ್ಟು ಖಣ್.
ಎಡಗಡೆ ಚಕ್ರದ ಮೇಲೆ ದಬ್.
ಒಂದು ಗೇಣು ಆಚೆ, ಮತ್ತೆ ದಬ್.
"ಇಲ್ಲಿ ತಗಡಿಲ್ಲ ಅಣ್ಣಾ, ಹಿಟ್ಟು ಮೆತ್ತಿದೆ."
ಪಿಳ್ಳಪ್ಪನ ಮುಖ ಮೊದಲ ಸಲ ನನ್ನ ಕಡೆ ತಿರುಗಿತು.
"ಬಾಡಿ ಬಿಡಿ ಮೇಡಂ, ಇಂಜಿನ್ ಸದ್ದು ಕೇಳಿ."

ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಬಿಸಿ.
ನಾವು ಬರುವ ಮೊದಲೇ ಯಾರೋ ಎಬ್ಬಿಸಿ ಕೂರಿಸಿದ್ದಾರೆ.
ಬೆಳಗಿನ ಕೆಮ್ಮು ಮಧ್ಯಾಹ್ನ ಕೇಳಿಸದು.
"ತಣ್ಣಗಾಗಲಿ," ಅಂದೆ.
ಎರಡು ಟೀ ಕುಡಿದೆವು. ತಮ್ಮ ಮೂರು.

ಕಾಯುತ್ತಾ ಬೇಲಿಯ ಉದ್ದಕ್ಕೂ ನಡೆದೆ.
ಕೊನೆಯಲ್ಲಿ, ಹುಣಸೆ ಮರದ ಕೆಳಗೆ, ಮಾಸಿದ ಬಿಳಿಯದೊಂದು.
ಯಾರೂ ಪಾಲಿಶ್ ಹಚ್ಚಿರಲಿಲ್ಲ.
ಗಾಜಿನ ಮೇಲೆ ದೇವರ ಹೆಸರು ಕೆರೆದು
'ಪ್ರಸನ್ನ' ಮಾತ್ರ ಉಳಿಸಿದ್ದರು.
ಕ್ಲಚ್ಚಿನ ರಬ್ಬರು ಸವೆದು ಕಬ್ಬಿಣ ಮಿನುಗುತ್ತಿತ್ತು,
ಮೀಟರು ಹೇಳುವ ಸುಳ್ಳು
ಪೆಡಲ್ಲಿಗೆ ಹೇಳಲು ಬಾರದು.
ಹಿಂದೆ, ಕ್ರೇಟು ಒರಸಿ ಒರಸಿ ಹೊಳಪಾದ ತಳದ ಮೂಲೆಯಲ್ಲಿ
ಹಿಡಿ ಮಣ್ಣು, ಅದರಲ್ಲಿ
ಯಾವುದೋ ಮಂಡಿಯ ದಿನ ಒಡೆದ ಹಣ್ಣಿನಿಂದ ಎದ್ದ
ಟೊಮೆಟೊ ಸಸಿ, ನಾಲ್ಕು ಎಲೆ.

ಸುತ್ತ ತಟ್ಟಿದೆ. ನಜ್ಜುಗುಜ್ಜಾದ ಕಡೆಯೂ
ಖಣ್.

"ಅದಾ? ಅದು ಬಿಚ್ಚಿ ಮಾರೋಕೆ ಇಟ್ಟಿರೋದು ಮೇಡಂ!"
ಬಾಯಿ ತಪ್ಪಿ ಅಂದುಬಿಟ್ಟ ಪಿಳ್ಳಪ್ಪ,
ಅಲ್ಲಿಗೆ ಅವನ ರೇಟು ಅರ್ಧ ಬಿತ್ತು.
ಇಂಜಿನ್ನು ತಣ್ಣಗಿತ್ತು. ಮೂರನೇ ಸಲಕ್ಕೆ ಎದ್ದು
ಒಂದು ಬಾಯಿ ಕರಿಹೊಗೆ ಉಗುಳಿ, ಆಮೇಲೆ
ಹಂಡೆಯಲ್ಲಿ ನೀರು ಕುದಿಯುವ ಹಾಗೆ ಒಂದೇ ಸಮ.
ಎಫ್‌ಸಿಗೆ ಇನ್ನೂ ಎಂಟು ತಿಂಗಳು.
ಎಡಗಡೆ ಬಾಗಿಲು ಮಾತ್ರ ಹೊರಗಿನಿಂದಲೇ ತೆಗೆಯಬೇಕು,
ತಮ್ಮ ಅದನ್ನು ದಾರಿಯಲ್ಲಿ ಕಂಡುಕೊಂಡ.

ಸೀಟಿನಲ್ಲಿ ಯಾರದೋ ಬೆನ್ನಿನ ಗುಳಿ.
ನನಗಿಂತ ಉದ್ದದವನು, ಬಲಕ್ಕೆ ವಾಲಿ ಕೂರುತ್ತಿದ್ದವನು.
ಅದರೊಳಗೆ ಮಡಚಿದ ಗೋಣಿಚೀಲ ಇಟ್ಟು
ಬೆನ್ನು ಕೊಟ್ಟೆ.

ಮಾರನೆಯ ದಿನ ಮದುವೆ ಇರಲಿಲ್ಲ, ಬಾಡಿಗೆ ಇರಲಿಲ್ಲ.
ಬೆಳಿಗ್ಗೆ ಆರಕ್ಕೆ, ಸುಮ್ಮನೆ, ಅದರಲ್ಲೇ ಹೋಗಿ
ಅರ್ಧ ಲೀಟರ್ ಹಾಲು ತಂದೆ.
ಓಣಿಯವರೆಲ್ಲ ಬಾಗಿಲಿಗೆ ಬಂದರು.
ಹಿಂದಕ್ಕೆ ತೆಗೆಯಲು ಆರು ಸಲ ತಿರುಗಿಸಿದೆ,
ಸಸಿ ಅಲ್ಲಾಡಬಾರದಲ್ಲ.