ಎಣ್ಣಿ ವಹಿ

ಗುಳೇದಗುಡ್ಡದಿಂದ ಬಾಗಲಕೋಟಿ ನವನಗರಕ್ಕ
ವಾರಕ್ಕ ಮೂರು ಸಲ
ಖಣದ ಗಂಟು ಹೇರಿಕೊಂಡು ಹೋಗತೈತಿ ನನ್ನ ಓಮ್ನಿ.
ಒಂದು ಕಾಲಕ್ಕ ಬಿಳೀದಿತ್ತು.
ಖಾನೇದಾಗ ಒಂದು ವಹಿ,
ಹಿಂದಿನ ಹಾಳ್ಯಾಗ ನೂಲಿನ ಲೆಕ್ಕ, ಮುಂದ ಎಣ್ಣೀದು.

ಹನ್ನೆರಡು ಲೀಟರ್, ನೂರಾ ಅರವತ್ತೆಂಟು ಕಿಲೋಮೀಟರ್.
ಲೀಟರಿಗೆ ಹದಿನಾಕು.
ಚಲೋ ಅನ್ನಾಕ ಬರೂದಿಲ್ಲ, ಕೆಟ್ಟದ್ದಂತೂ ಅಲ್ಲ,
ನೆಗೆಣ್ಣಿ ಮಾಡಿದ ಸಾರಿನಂಗ.

ಗಾಡಿ ಕಲಿಸಿದಾವ ಗ್ಯಾರೇಜಿನ ಮಕ್ತುಮ್ ಮಾಮಾ.
‘ಇಂಜಿನ್ನಿನ ಸುತ್ತು ತೋರಿಸೂ ಮುಳ್ಳು
ಇದಕ್ಕ ಕೊಟ್ಟಿಲ್ಲವಾ. ನಿನಗ ಕಿವಿ ಕೊಟ್ಟಾರಲ್ಲ’ ಅಂದ.
ನಗು ಬಂತು ನಂಗ.
ಹದಿನಾರು ವರ್ಷ ಕುಣಿಮಗ್ಗದಾಗ ಕಾಲು ಇಳಿಬಿಟ್ಟಾಕಿ,
ಎಳಿ ಹರದದ್ದು
ಕಣ್ಣಿಗೆ ಕಾಣೂಕಿಂತ ಮೊದಲs
ಲಾಳಿ ಸಪ್ಪಳದಾಗ ಗೊತ್ತಾಗತಿತ್ತು.

ಆದರೂ ಮೊದಮೊದಲು ಗೇರ್ ಬದಲಿಸಾಕ ಅಂಜಿಕಿ.
ಎರಡರಾಗs ಊರು ದಾಟತಿದ್ದೆ,
ಸಂತ್ಯಾಗ ಕೂಸು ಕಳಕೊಂಡಾಕಿಯಂಗ
ಒದರತಿತ್ತು ಇಂಜಿನ್ನು.
ವಹಿ ಅಂತು: ಹನ್ನೊಂದು.
ಮಾಮಾ ಪಾನಾ ಕೆಳಗಿಟ್ಟು ಕೇಳಿದ,
‘ಗಾಲಿ ಒಂದು ಸಲ ತಿರಗೂದ್ರಾಗ
ಅದು ಎಷ್ಟು ಸಲ ತಿರಗಬೇಕು, ಎಣಿಸೀ ಏನು?
ಸುತ್ತಿಗೊಂದು ಗುಟುಕು ಬೇಕು ಅದಕ್ಕ,
ಕೆಲಸ ಇರಲಿ, ಬಿಡಲಿ.’

ಅವತ್ತಿನಿಂದ ಜುಗ್ಗಿ ಆದೆ.
ಮೂವತ್ತು ದಾಟಿತೋ ಇಲ್ಲೋ, ನಾಕು.
ಎಮ್ಮಿ ಅಡ್ಡ ಬಂದರೂ ನಾಕು, ತಿರುವಿನ್ಯಾಗ ನಾಕು,
ಕೋಟೆಕಲ್ ಮುಂದಿನ ಏರಿಗೂ ನಾಕು.
ಸಪ್ಪಳ ಸಣ್ಣದಾತು, ಉಳೀತು ಅನಕೊಂಡೆ.
ವಹಿ: ಹನ್ನೆರಡೂವರಿ.
ಪಂಪಿನ ಹುಡುಗನ ಮ್ಯಾಲ ಸಂಶಯ ಪಟ್ಟೆ,
ಟಾಯರಿಗೆ ಗಾಳಿ ಹೊಡಿಸಿದೆ,
ಗಾಡಿ ಒಯ್ದಿದ್ದ ಮೈದುನನ ಕೂಡ ಎರಡು ದಿನ ಮಾತು ಬಿಟ್ಟೆ.

ಆಮ್ಯಾಲ ಒಂದು ಶುಕ್ರವಾರ
ಕಣ್ಣು ತೋರಿಸಾಕ ಅಂತ ನೀಲವ್ವತ್ತಿ ಮುಂದ ಕುಂತಳು.
ಏರು ಬಂತು. ಗಾಡಿ ಗಡಗಡ ನಡುಗಿತು,
ಗೇರಿನ ಕಡ್ಡಿ ಚಳಿ ಹತ್ತಿದವರಂಗ ಅಲುಗಿತು,
ಹಿಂದ ಖಣದ ಗಂಟು ಒಂದಕ್ಕೊಂದು ಬಡಕೊಂಡವು.
ಕಾಲು ತಳಕ್ಕ ಮುಟ್ಟಿತ್ತು ನಂದು, ಗಾಡಿ ಮಾತ್ರ ನಡಕೊಂಡು ಹೊಂಟಿತ್ತು.

ಅತ್ತಿ ಸೆರಗಿನ್ಯಾಗ ಬಾಯಿ ಒರಸಿಕೊಂಡು
ಇಷ್ಟs ಅಂದಳು:
‘ತಲಿಮ್ಯಾಲ ಕೊಡ ಹೊತ್ತು ಗುಡ್ಡ ಏರುವಾಗ
ಉದ್ದ ಹೆಜ್ಜಿ ಯಾರು ಹಾಕತಾರs?
ಅದಕ್ಕೂ ಸಣ್ಣ ಹೆಜ್ಜಿ ಹಾಕಾಕ ಬಿಡು.’

ಅಕಿಗೆ ಕ್ಲಚ್ ಯಾವುದು, ಬ್ರೇಕ್ ಯಾವುದು ಗೊತ್ತಿಲ್ಲ.
ಮೂರಕ್ಕ ಎಳದೆ.
ಇಂಜಿನ್ನಿನ ದನಿ ಒಂದು ಮೆಟ್ಟಲ ಮ್ಯಾಲ ಹತ್ತಿತು,
ಆದರ ಒದರಲಿಲ್ಲ.
ಕಾಲು ತಾನs ಅರ್ಧ ಮ್ಯಾಲ ಬಂತು.
ಇಷ್ಟು ದಿನ ನಾ ಸಪ್ಪಳ ಎಣಿಸೀನಿ,
ಎಣ್ಣಿ ಹೋಗತಿದ್ದದ್ದು ಪಾದದಡಿ.

ಏರು ಮುಗೀತು. ಬಯಲು, ಜ್ವಾಳದ ಹೊಲ, ಎರಡೂ ಕಡಿ ಗಾಳಿ.
‘ಈಗ ಹಾಕು ಉದ್ದಂದು’ ಅಂದಳು,
ಕಣ್ಣು ಮುಚ್ಚಿಕೊಂಡs.

ಆ ಸಲದ ಹನ್ನೆರಡು ಲೀಟರಿಗೆ ನೂರಾ ತೊಂಬತ್ತು.
ಮಾಮಾ ವಹಿ ಇಸಕೊಂಡು ಎರಡು ಸಲ ಓದಿದ,
ಬೆರಳಿನ ಗ್ರೀಸು ಆ ಅಂಕಿ ಮ್ಯಾಲ ಇನ್ನೂ ಐತಿ.
ಮುಂದಿನ ಸಲ ನೂರಾ ಎಪ್ಪತ್ತೆಂಟು:
ಶೇಠಜಿ ಖಣ ಎಣಿಸೂತನಕ
ಗಾಡಿ ಚಾಲೂ ಇಟ್ಟು ನಿಂತಿದ್ದೆ, ನಂದs ತಪ್ಪು.

ಈಗ ವಹ್ಯಾಗ ಪೆನ್ಸಿಲ್ಲಿನ್ಯಾಗ ಇನ್ನೊಂದು ಗೆರಿ ಎಳದೀನಿ,
ತಾರೀಖು, ಲೀಟರು, ಕಿಲೋಮೀಟರು,
ಕಡೀಕ: ಅತ್ತಿ ಇದ್ದಳು, ಅತ್ತಿ ಇರಲಿಲ್ಲ.
ಐವತ್ತೆಂಟು ಕಿಲೋ ಅಕಿ ತೂಕ, ಮ್ಯಾಲ ಎಲಿಅಡಕಿ ಚೀಲ.
ಅದೆಲ್ಲಾ ಹೊತಗೊಂಡೂ
ಅಕಿ ಇದ್ದ ದಿನ ಲೀಟರಿಗೆ ಒಂದು ಕಿಲೋಮೀಟರ್ ಜಾಸ್ತಿ.

ಇನ್ನೂ ಹೇಳಿಲ್ಲ ಅಕಿಗೆ.
ಹೇಳಿದರ ದಿನಾ ಮುಂದಿನ ಸೀಟು ಕೇಳತಾಳ.